ಹುಸೇನಪ್ಪನ ಸವಾರಿ

1979ರ ಜೂನ್ ತಿಂಗಳಿನಿಂದ ಮೂರು ವರ್ಷ ನಾನು ಸೇಡಂ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಕುರಕುಂಟಾದಿಂದ ಆಚೆ, ತೆಲುಗು ಗಡಿಗೆ ಹತ್ತಿರದ ಹಳ್ಳಿ. ಊರಿನ ಹೆಸರು ಬರೆಯುವುದಿಲ್ಲ; ಆ ಮನೆಯವರು ಈಗಲೂ ಅಲ್ಲೇ ಇದ್ದಾರೆ. ಆರು ಹಾಸಿಗೆ, ಒಬ್ಬ ಕಂಪೌಂಡರ್, ಇಬ್ಬರು ನರ್ಸ್, ಪೆಟ್ರೋಲ್ ಸಿಕ್ಕ ದಿನ ಮಾತ್ರ ಓಡುವ ಒಂದು ಜೀಪು. ಇಸಿಜಿ ತೆಗೆಸಬೇಕೆಂದರೆ ಗುಲಬರ್ಗಾಕ್ಕೆ ಹೋಗಬೇಕು. ನನಗಾಗ ಮೂವತ್ತೊಂದು ವರ್ಷ. ಹುಬ್ಬಳ್ಳಿಯಲ್ಲಿ ಓದಿದವನು, ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಹಳ್ಳಿಯವರ ನಂಬಿಕೆಗಳನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಈ ಪ್ರಕರಣದಲ್ಲಿ ರೋಗಿಯನ್ನು ಸಾವಿನ ಬಾಯಿಯವರೆಗೆ ತಳ್ಳಿದ್ದರಲ್ಲಿ ನನ್ನ ಈ ಉರಿಯ ಪಾಲೂ ಇದೆ.

ಆ ಊರಿನಲ್ಲಿ ಮೊಹರಂ ಎಲ್ಲ ಜಾತಿಯವರ ಹಬ್ಬ. ಹಬ್ಬದ ದೇವರುಗಳನ್ನು ಕೂರಿಸುವ ಅಸುರಖಾನೆಯ ಮುಜಾವರಿಕೆ, ಅಂದರೆ ಅಲ್ಲಿನ ಸೇವೆ ನಡೆಸುವ ಹಕ್ಕು, ಎಪ್ಪತ್ತು ದಾಟಿದ ಇಮಾಮ್ ಸಾಬರದು. ಆದರೆ ದೊಡ್ಡ ಪೀರ್ ಹೊರುವ ಹಕ್ಕು ತಲೆತಲಾಂತರದಿಂದ ಸಿಂಪಿಗರ ಮನೆಗೆ ಸೇರಿದ್ದು. ಪೀರ್ ಎಂದರೆ ಉದ್ದನೆಯ ಗಳುವಿನ ತುದಿಗೆ ಬೆಳ್ಳಿಯ ಹಸ್ತ, ಅದರ ಸುತ್ತ ಹರಕೆಯ ಬಣ್ಣಬಣ್ಣದ ಬಟ್ಟೆ, ಹೂಮಾಲೆ. ತೂಗಿ ನೋಡಿದವರಿಲ್ಲ, ಒಮ್ಮೆ ಎತ್ತಿ ನೋಡಿದ ನನ್ನ ಅಂದಾಜಿಗೆ ಇಪ್ಪತ್ತು ಕಿಲೋ. ಹತ್ತನೆಯ ದಿನ ಮಧ್ಯಾಹ್ನ ಅದನ್ನು ಹೊತ್ತವನು ಅಸುರಖಾನೆಯಿಂದ ಹಳ್ಳದ ದಂಡೆಯವರೆಗೆ, ಸುಮಾರು ಆರು ನೂರು ಮೀಟರ್, ಹಲಗೆಯ ಬಡಿತಕ್ಕೆ ಸರಿಯಾಗಿ ಓಡಬೇಕು. ಕೊನೆಯ ನೂರು ಮೀಟರ್ ಏರು.

1978ರಿಂದ ಅದನ್ನು ಹೊರುತ್ತಿದ್ದವನು ಸಿಂಪಿಗರ ಹುಸೇನಪ್ಪ. ಹೆಸರೇ ಹೇಳುವಂತೆ ಹರಕೆಯ ಮಗು. ಮದುವೆಯಾಗಿ ಹನ್ನೆರಡು ವರ್ಷ ಮಕ್ಕಳಿಲ್ಲದ ತಂದೆ ತಾಯಿ ಪೀರ್ ಮುಂದೆ ಸೆರಗೊಡ್ಡಿದ ಮೇಲೆ ಹುಟ್ಟಿದವನು. ವಯಸ್ಸು ಇಪ್ಪತ್ತೇಳು, ಸಣಕಲು ಮೈ, ಬಾಯಿ ಬಿಟ್ಟರೆ ಮುತ್ತು ಉದುರೀತು ಎಂಬಂತೆ ಮೆಲುಮಾತು. ವರ್ಷಪೂರ್ತಿ ಹೊಲಿಗೆ ಯಂತ್ರದ ಮುಂದೆ ಕೂತಿರುವ ಅವನಿಗೆ ಮೈಮುರಿದು ದಣಿಯುವ ದಿನ ವರ್ಷಕ್ಕೆ ಒಂದೇ ಒಂದು.

ಹೊತ್ತ ಮೊದಲ ವರ್ಷವೇ ಅವನು ಏರಿನ ನಡುವೆ ಬುಡಕಡಿದ ಹಾಗೆ ಬಿದ್ದನಂತೆ. ಜನ "ಸವಾರಿ ಬಂತು" ಎಂದರು. ಪೀರ್ ತಾನೇ ಹೊತ್ತವನ ಮೈಮೇಲೆ ಇಳಿಯುವುದಕ್ಕೆ ಅಲ್ಲಿ ಸವಾರಿ ಎನ್ನುತ್ತಾರೆ. ಸವಾರಿ ಬಂದವನನ್ನು ಯಾರೂ ಮುಟ್ಟಬಾರದು. ಮುಟ್ಟಿದರೆ ಪೀರ್ ಸಿಟ್ಟಾಗಿ ಹೊರಟುಹೋಗುತ್ತದೆ. ಎಲ್ಲರೂ ಸುತ್ತ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಒಂದೆರಡು ನಿಮಿಷದಲ್ಲಿ ಬಿದ್ದವನ ತುಟಿ ಅಲುಗಿ ಏನಾದರೂ ಮಾತು ಬಂದರೆ ಅದು ಹೇಳಿಕೆ, ಪೀರ್ ನುಡಿದ ಭವಿಷ್ಯ.

1979ರ ನವೆಂಬರಿನಲ್ಲಿ ಇದನ್ನು ನಾನೇ ಕಣ್ಣಾರೆ ಕಂಡೆ. ಪಂಚಾಯಿತಿ ಕಟ್ಟೆಯ ಮೇಲೆ ನನ್ನನ್ನು ಗೌರವದಿಂದ ಕೂರಿಸಿದ್ದರು. ಹುಸೇನಪ್ಪ ನಮ್ಮೆದುರಿನಿಂದಲೇ ಓಡಿದ, ಏರಿನಲ್ಲಿ ಬಿದ್ದ, ಎರಡು ನಿಮಿಷಕ್ಕೆ "ನೀರು... ನೀರು" ಎಂದ. ಆಗ ಅವನ ಕೈ ಬಡಗಣ ದಿಕ್ಕಿಗೆ ಚಾಚಿತ್ತಂತೆ. ಮರುವಾರವೇ ಜನ ಊರ ಬಡಗಣಕ್ಕೆ ಬಾವಿ ತೋಡಿದರು, ನೀರೂ ಬಂತು! ಎಚ್ಚರ ತಪ್ಪಿ ಎದ್ದವನು ನೀರು ಕೇಳದೆ ಇನ್ನೇನು ಕೇಳುತ್ತಾನೆ ಎಂದು ನಾನು ಕಂಪೌಂಡರನ ಮುಂದೆ ನಕ್ಕಿದ್ದೇ ನಕ್ಕಿದ್ದು.

ನಕ್ಕು ಸುಮ್ಮನಿರಬಹುದಿತ್ತು. ಮೂಢನಂಬಿಕೆಯ ಬುಡ ಕೀಳುತ್ತೇನೆಂದು ಹುಸೇನಪ್ಪನನ್ನು ಆಸ್ಪತ್ರೆಗೆ ಕರೆಸಿದೆ. ನಾಡಿ 74, ರಕ್ತದೊತ್ತಡ 118/76, ತೂಕ 54 ಕಿಲೋ. ಸ್ಟೆಥಸ್ಕೋಪಿಗೆ ಹೃದಯದ ಸದ್ದು ಶುದ್ಧವಾಗಿತ್ತು. ಕವಾಟದ ದೋಷವಿದ್ದರೆ ಕೇಳಿಸುವ ಮರ್ಮರ ಇರಲಿಲ್ಲ. ಗುಲಬರ್ಗಾಕ್ಕೆ ಕಳಿಸಿ ಇಸಿಜಿ ತೆಗೆಸಿದೆ. ಅದೂ ಸರಿ. ಹೊರರೋಗಿ ರಿಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆ ದಪ್ಪಕ್ಷರದಲ್ಲಿ 'ಫಂಕ್ಷನಲ್' ಎಂದು ಬರೆದೆ. ದೇಹದಲ್ಲಿ ದೋಷವಿಲ್ಲ, ಎಲ್ಲ ಮನಸ್ಸಿನ ಆಟ ಎನ್ನಲು ನಾವು ಆಗ ಬಳಸುತ್ತಿದ್ದ ಪದ ಅದು. ಅಷ್ಟಕ್ಕೇ ಬಿಡದೆ ಹೈಸ್ಕೂಲಿನಲ್ಲಿ 'ಮೈಮೇಲೆ ದೇವರು ಬರುವುದು ಒಂದು ಮನೋವಿಕಾರ' ಎಂದು ಮುಕ್ಕಾಲು ತಾಸು ಭಾಷಣವನ್ನೂ ಬಿಗಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಹುಸೇನಪ್ಪ ಅಂದಿನಿಂದ ನನ್ನ ಎದುರು ಬಂದರೆ ತಲೆ ತಗ್ಗಿಸಿ ಪಕ್ಕದ ಓಣಿಗೆ ತಿರುಗುತ್ತಿದ್ದ.

ಮುಂದಿನ ವರ್ಷ, 1980ರ ನವೆಂಬರಿನಲ್ಲಿ, ಮೊಹರಂ ಚಂದ್ರ ಕಂಡ ಮರುದಿನ ಬೆಳಿಗ್ಗೆ ಹುಸೇನಪ್ಪನ ಹೆಂಡತಿ ಶಾಂತಾಬಾಯಿ ಆಸ್ಪತ್ರೆಗೆ ಬಂದಳು. ನಾಲ್ಕು ತಿಂಗಳ ಬಸುರಿ. ತಪಾಸಣೆಗೆ ಬಂದಿದ್ದಾಳೆಂದುಕೊಂಡೆ. ಅವಳು ನರ್ಸ್ ಹೊರಗೆ ಹೋಗುವವರೆಗೆ ಕಾದು ಬಾಗಿಲು ಮುಂದೆ ಮಾಡಿದಳು.

"ನನ್ನ ಸಲುವಾಗಿ ಬಂದಿಲ್ರಿ ಸಾಹೇಬ್ರ. ಅವರ ಸಲುವಾಗಿ ಬಂದೀನಿ. ಯಾರ ಮುಂದನೂ ಹೇಳಬ್ಯಾಡ್ರಿ."

ಅವಳು ಹೇಳಿದ್ದಿಷ್ಟು. ಹದಿನೈದು ದಿನದ ಹಿಂದೆ ಹುಸೇನಪ್ಪ ಬಟ್ಟೆ ತರಲು ಸೇಡಮ್ಮಿಗೆ ಹೋಗಿದ್ದ. ವಾಪಸು ಬರುವಾಗ ಬಸ್ಸು ಹೊರಟುಬಿಟ್ಟಿತು. ಗಂಟು ಹೆಗಲಿಗೇರಿಸಿ ಬಸ್ಸಿನ ಹಿಂದೆ ಓಡಿದ. ನೂರು ಹೆಜ್ಜೆ ಓಡಿರಬೇಕು, ಎದೆ ಹಿಡಿದುಕೊಂಡು ದಾರಿಯಲ್ಲೇ ಬಿದ್ದ. ಕಂಡಕ್ಟರ್ "ಕುಡದಾನ" ಎಂದು ನಕ್ಕು ಮುಖಕ್ಕೆ ನೀರು ಚಿಮುಕಿಸಿ ಹೋದ. ಹುಸೇನಪ್ಪ ಮನೆಗೆ ಬಂದು ಹೆಂಡತಿಯೊಬ್ಬಳಿಗೆ ಹೇಳಿ, ಗೋಡೆಗೆ ಮುಖ ಮಾಡಿ ಮಲಗಿದ.

"ಪ್ರತಿ ಸಲ ಬೀಳೂಮುಂದ ಎದಿಯಾಗ ಕಲ್ಲು ಇಟ್ಟಂಗ ಆಗ್ತದಂತ್ರಿ. ತುಟಿ ನೀಲಿ ಆಗ್ತಾವ, ನಾ ನೋಡೀನಿ. ಊರಾಗ ಸವಾರಿ ಅಂತಾರ. ನೀವು ಹುಚ್ಚು ಅಂದ್ರಿ." ಅವಳು ನನ್ನ ಮುಖವನ್ನೇ ನೋಡಿದಳು. "ಅಲ್ರಿ ಸಾಹೇಬ್ರ, ಅಲ್ಲಿ ಹಲಗಿ ಇರಲಿಲ್ಲ, ಊದು ಇರಲಿಲ್ಲ, ಪೀರ್ ಇರಲಿಲ್ಲ. ಬಸ್ಸಿನ ಹಿಂದ ಓಡೂಮುಂದ ಯಾ ದೇವರ ಸವಾರಿ ಬರ್ತದ್ರಿ?"

ಹೌದಲ್ಲ! ಕೈಮುಗಿಯುವವರಿಲ್ಲದ ಕಡೆ, ದೇವರಿಲ್ಲದ ಕಡೆ, ಮನಸ್ಸಿನ ಆಟ ಆಡಿ ತೋರಿಸುವುದು ಯಾರಿಗೆ? ಮೂರು ಸಲ ಬಿದ್ದಿದ್ದಾನೆ, ಮೂರೂ ಸಲ ಓಡುವಾಗಲೇ ಬಿದ್ದಿದ್ದಾನೆ, ಬೀಳುವ ಮುನ್ನ ಎದೆನೋವು ಬಂದಿದೆ. ಇದನ್ನು ಪರೀಕ್ಷೆಯಲ್ಲಿ ಪ್ರಶ್ನೆಯಾಗಿ ಕೇಳಿದ್ದರೆ ಎರಡನೇ ವರ್ಷದ ವಿದ್ಯಾರ್ಥಿಯೂ ಹೃದಯ ಎಂದು ಬರೆಯುತ್ತಿದ್ದ. ನಾನು ಬೀಳುವ ಮುನ್ನ ಏನಾಗುತ್ತದೆ ಎಂದು ಅವನನ್ನು ಕೇಳಿಯೇ ಇರಲಿಲ್ಲ. ಮಲಗಿದವನ ಇಸಿಜಿ ತೆಗೆಸಿ ಓಡುವವನ ಹೃದಯದ ಮೇಲೆ ತೀರ್ಪು ಕೊಟ್ಟಿದ್ದೆ.

ಅವತ್ತೇ ಸೇಡಮ್ಮಿನ ಪೋಸ್ಟಾಫೀಸಿಗೆ ಹೋಗಿ ಹೈದರಾಬಾದಿಗೆ ಟ್ರಂಕ್ ಕಾಲ್ ಬುಕ್ ಮಾಡಿದೆ. ನನ್ನ ಸಹಪಾಠಿ ಮಾಧವ ಅಲ್ಲಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಹೃದ್ರೋಗ ವಿಭಾಗದಲ್ಲಿದ್ದ. ಲೈನ್ ಸಿಗಲು ಮೂರು ತಾಸು ಹಿಡಿಯಿತು. ಮೆಟ್ಟಿಲು ಹತ್ತಿಸಿ ಇಳಿಸಿ ನೋಡಲೇ, ಏನಾದರೂ ತಿಳಿದೀತೇ ಎಂದು ಕೇಳಿದೆ. ಅವನು ಫೋನಿನಲ್ಲೇ ಕಿರುಚಿದ.

"ಏ ಮಾರಾಯಾ, ಹುಚ್ಚುಹುಚ್ಚಾರ ಏನರೆ ಮಾಡಿಗೀಡಿ! ಅವನ್ನ ಓಡಸಬ್ಯಾಡ, ಮೆಟ್ಟಲಾ ಹತ್ತಸಬ್ಯಾಡ. ನಿನ್ನ ಅಂಗಳದಾಗ ಸತ್ತಾನು. ಸೀದಾ ಇಲ್ಲಿಗೆ ಕರ್ಕೊಂಡು ಬಾ."

ಕರೆದುಕೊಂಡು ಹೋಗುವುದೆಲ್ಲಿಂದ ಬಂತು? ಹುಸೇನಪ್ಪನ ಅಂಗಡಿಗೆ ಹೋದೆ. ಅವನು ಸೂಜಿಗೆ ದಾರ ಪೋಣಿಸುತ್ತಿದ್ದ. ಹೆಂಡತಿ ಹೇಳಿದ್ದು ತಿಳಿದು ಮುಖ ಕಪ್ಪಿಟ್ಟಿತು. ಹೃದಯದ ದೋಷವಿರಬಹುದು, ಓಡಿದರೆ ಜೀವಕ್ಕೆ ಅಪಾಯ, ನಾಳೆಯೇ ಹೈದರಾಬಾದಿಗೆ ಹೊರಡೋಣ ಎಂದೆ.

"ಮೊಹರಂ ಮುಗೀಲಿ ಸಾಹೇಬ್ರ. ಮುಗದ ಮರುದಿನ ಎಲ್ಲಿ ಕರದ್ರೂ ಬರ್ತೀನಿ."

"ಮೊಹರಂ ದಿನಾನ ಸತ್ತರ?"

"ಪೀರ್ ಕೊಟ್ಟ ಜೀವ ಅದ್ರಿ ಇದು." ಸೂಜಿ ಕೆಳಗಿಟ್ಟು, ಧ್ವನಿ ತಗ್ಗಿಸಿ ಹೇಳಿದ: "ಈಗ ನಾ ಹೊರಂಗಿಲ್ಲ ಅಂದ್ರ ಮಂದಿ ಯಾಕಂತ ಕೇಳ್ತಾರ. ಏನ್ ಹೇಳ್ಲಿ? ಎರಡು ವರ್ಷ ನನ್ನ ಬಾಯಾಗ ಬಂದದ್ದು ಪೀರ್ ಮಾತಲ್ಲ, ರೋಗದ ಮಾತು ಅಂತ ಹೇಳ್ಲಿ? ಮೊದಲನೇ ವರ್ಷದ ಹೇಳಿಕಿ ಮ್ಯಾಲ ಮಂದಿ ಲಗ್ನ ಬಿಟ್ಟಾರ್ರಿ, ಲಗ್ನ ಮಾಡ್ಯಾರ್ರಿ."

ಸಾವಿಗಿಂತ ಅವನಿಗೆ ಜನರ ಮುಂದೆ ಅದನ್ನು ಹೇಳುವ ಭಯವೇ ಹೆಚ್ಚಾಗಿತ್ತು. ಹೃದಯದ ಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಗುಳಿಗೆ ತರಿಸಿ ಕೊಟ್ಟೆ, ದಿನಕ್ಕೆ ಮೂರು. ಕೈಮುಗಿದು ಇಸಿದುಕೊಂಡ.

ಆಮೇಲೆ ಇಮಾಮ್ ಸಾಬರ ಮನೆಗೆ ಹೋದೆ, ಹೋದವನು ಮೊದಲ ಮಾತಿನಲ್ಲೇ ಕೆಡಿಸಿದೆ. "ನಿಮ್ಮ ಸವಾರಿ ಅಂದ್ರ ರೋಗ. ನೀವೆಲ್ಲ ಸೇರಿ ಒಂದು ಜೀವ ತಿನ್ನಾಕ ಕೂತೀರಿ" ಎಂದುಬಿಟ್ಟೆ. ಹಿರಿಯರು ಕೋಪಿಸಿಕೊಳ್ಳಲಿಲ್ಲ. ಮಗಳನ್ನು ಕರೆದು ನನಗೆ ಶರಬತ್ತು ಕೊಡಿಸಿದರು.

"ಡಾಕ್ಟರ್ ಸಾಬ್, ಹೋದ ವರ್ಷ ನೀವ ಸಾಲ್ಯಾಗ ನಿಂತು ಇದಕ್ಕ ಹುಚ್ಚು ಅಂದ್ರಿ. ಈ ವರ್ಷ ಎದಿ ಬ್ಯಾನಿ ಅಂತೀರಿ. ಮುಂದಿನ ವರ್ಷ ಏನಂತೀರಿ? ಹೇಳ್ರಿ, ನಾ ಯಾವುದು ಖರೇ ಅಂತ ತಿಳ್ಕೊಳ್ಲಿ?"

ಶರಬತ್ತಿನ ಲೋಟ ಕೆಳಗಿಟ್ಟೆ. ಹೋದ ವರ್ಷ ಹೇಳಿದ್ದು ತಪ್ಪು ಎಂದೆ. ಸರಿಯಾಗಿ ನೋಡದೆ ಹೇಳಿದ್ದೆ ಎಂದೆ. ಈ ಸಲವೂ ಖಂಡಿತವಾಗಿ ಏನೂ ಗೊತ್ತಿಲ್ಲ, ಆದರೆ ಭಯವಾಗುತ್ತಿದೆ ಎಂದೆ. ಅವರು ಗಡ್ಡ ನೀವಿಕೊಂಡರು.

"ಅವನ ಕೈಯಾಗಿಂದ ಪೀರ್ ಕಸಗೊಳ್ಳಾಕ ನನ್ನಿಂದ ಆಗಂಗಿಲ್ಲ. ಅದು ಅವರ ಮನಿ ಹಕ್ಕು. ಆದ್ರ ಈ ವರ್ಷ ಪೀರ್ ಓಡಂಗಿಲ್ಲ. ನಡ್ಕೋತ ಹೋಗ್ತಾವ. ನಾ ಹೇಳ್ತೀನಿ ಮಂದೀಗೆ."

ಅಷ್ಟಾದರೂ ಆಯಿತಲ್ಲ ಎಂದು ಎದ್ದು ಬಂದೆ. ಆದರೆ ಮುಂದಿನ ಏಳು ದಿನ ನನಗೆ ಅನ್ನ ಸೇರಲಿಲ್ಲ. ದಿನಾ ಸಂಜೆ ಪಠ್ಯಪುಸ್ತಕ ತೆಗೆದು ಕೂರುತ್ತಿದ್ದೆ. ಕವಾಟದ ದೋಷವಾಗಿದ್ದರೆ ಮರ್ಮರ ಕೇಳಬೇಕಿತ್ತು. ಹೃದಯದ ಗೋಡೆ ದಪ್ಪವಾಗಿದ್ದರೆ ಇಸಿಜಿಯಲ್ಲಿ ಸುಳಿವು ಸಿಗಬೇಕಿತ್ತು. ಉಳಿದದ್ದು ಪುಟದ ಕೆಳಗೆ ಸಣ್ಣ ಅಕ್ಷರದ ಒಂದು ಸಾಲು: ಹುಟ್ಟಿನಿಂದಲೇ ತಪ್ಪು ಜಾಗದಿಂದ ಹೊರಟ ಕೊರೊನರಿ ರಕ್ತನಾಳ; ಹಲವರಲ್ಲಿ ಮೊದಲ ಲಕ್ಷಣವೇ ಸಾವು. ಆ ಸಾಲನ್ನು ಎಷ್ಟು ಸಲ ಓದಿದೆನೋ.

ಹತ್ತನೆಯ ದಿನ ಮಧ್ಯಾಹ್ನ ಆಸ್ಪತ್ರೆಯ ಚೀಲ, ಅಡ್ರಿನಲಿನ್, ಸಿರಿಂಜು ಎಲ್ಲ ತೆಗೆದುಕೊಂಡು ಏರಿನ ನಡುವೆಯೇ ನಿಂತೆ. ಜೀಪಿಗೆ ನನ್ನ ಕೈಯಿಂದ ಪೆಟ್ರೋಲ್ ಹಾಕಿಸಿ ಪಕ್ಕದಲ್ಲಿ ನಿಲ್ಲಿಸಿದ್ದೆ. ಹೆಂಗಸರ ಗುಂಪಿನಲ್ಲಿ ಶಾಂತಾಬಾಯಿ ಇದ್ದಳು. ನನ್ನತ್ತ ಒಮ್ಮೆ ನೋಡಿ ಸೆರಗಿನ ತುದಿ ಬಾಯಿಗಿಟ್ಟುಕೊಂಡಳು. ಕೆಳಗೆ ಹಲಗೆ ಶುರುವಾಯಿತು. ಪೀರ್ ಹೊರಟಿತು. ಇಮಾಮ್ ಸಾಬರು ಮಾತು ಉಳಿಸಿಕೊಂಡಿದ್ದರು. ಧೂಪದ ಹೊಗೆಯಾಡುವ ಊದಿನ ಬಟ್ಟಲು ಹಿಡಿದು ಮುಂದೆ ಅವರು, ಹಿಂದೆ ಹುಸೇನಪ್ಪ, ಹೆಜ್ಜೆ ಹೆಜ್ಜೆಗೂ ನಿಧಾನವಾಗಿ ನಡೆದು ಬರುತ್ತಿದ್ದರು. ಜನರಿಗೆ ಇದು ಹಿಡಿಸಲಿಲ್ಲ. ಇದೇನು ಹೆಣ ಒಯ್ದಂಗೆ ಎಂದು ಯಾರೋ ಗೊಣಗಿದರು. ನಾನು ಗಡಿಯಾರ ನೋಡಿಕೊಂಡೆ: ಮೂರು ಗಂಟೆ ಹತ್ತು ನಿಮಿಷ. ನಾನೂರು ಮೀಟರ್ ದಾಟಿತು. ಐನೂರು. ನನ್ನ ಉಸಿರು ಸ್ವಲ್ಪ ಸಡಿಲವಾಯಿತು.

ಏರು ಸಿಕ್ಕಿತು. ಅಲ್ಲಿ ಯುವಕರು ಸಾಲಾಗಿ ನಿಂತಿದ್ದರು. ಹಲಗೆಯವರು ತಾವಾಗಿಯೇ ಬಡಿತ ಜೋರು ಮಾಡಿದರು. ನೂರಾರು ಗಂಟಲು ಒಟ್ಟಿಗೆ ಕೂಗಿದವು. ಹುಸೇನಪ್ಪ ಓಡಿದ. ಯಾಕೆ ಓಡಿದೆ ಎಂದು ಮುಂದೆ ಕೇಳಿದಾಗ ಅವನು, "ಕಾಲು ತಾವ ಓಡಿದ್ವು ಸಾಹೇಬ್ರ" ಎಂದ. ಆ ಬೆಳಿಗ್ಗೆ ಗುಳಿಗೆಯನ್ನೂ ತೆಗೆದುಕೊಂಡಿರಲಿಲ್ಲ. ಉಪವಾಸವಿದ್ದ.

ನನ್ನಿಂದ ಹದಿನೈದು ಹೆಜ್ಜೆ ಕೆಳಗೆ ಅವನ ಎಡಗೈ ಎದೆಗೆ ಹೋಯಿತು. ಬಾಯಿ ತೆರೆಯಿತು. ಪೀರ್ ವಾಲಿತು, ಪಕ್ಕದವರು ಹಿಡಿದುಕೊಂಡರು. ಅವನು ಮುಖ ಅಡಿಯಾಗಿ ದಾರಿಗೆ ಹಾಸಿದ ಪರ್ಸಿಗಲ್ಲಿನ ಮೇಲೆ ಬಿದ್ದ ಸದ್ದು ನನಗೆ ಕೇಳಿಸಿತು.

ಹಲಗೆ ನಿಂತಿತು. ಜನ ದೊಡ್ಡ ದುಂಡು ಬಿಟ್ಟು ಹಿಂದೆ ಸರಿದರು. ನಾನು ಚೀಲ ಹಿಡಿದು ನುಗ್ಗಿದೆ. ಯಾರೋ ನನ್ನ ಅಂಗಿಯ ಕಾಲರ್ ಹಿಡಿದರು. ಇನ್ನಿಬ್ಬರು ರಟ್ಟೆ ಹಿಡಿದರು.

"ಮುಟ್ಟಬ್ಯಾಡ್ರಿ! ಸವಾರಿ ಅದ!"

"ಸತ್ತು ಹೋಗ್ತಾನೋ! ಬಿಡ್ರೋ ನನ್ನ!"

ಬಿಡಲಿಲ್ಲ. ಅಲ್ಲಿಂದಲೇ ನೋಡಿದೆ. ಅವನ ಬೆನ್ನು ಏರಿಳಿಯುತ್ತಿರಲಿಲ್ಲ. ಹೋದ ವರ್ಷ ಏರಿಳಿಯುತ್ತಿತ್ತು, ಅದು ನನಗೆ ಚೆನ್ನಾಗಿ ನೆನಪಿತ್ತು. ಮಿದುಳಿಗೆ ರಕ್ತ ಹೋಗದಿದ್ದರೆ ನಮಗೆ ಸಿಗುವುದು ಮೂರು, ಹೆಚ್ಚೆಂದರೆ ನಾಲ್ಕು ನಿಮಿಷ. ಸುತ್ತ ನಿಂತ ಐನೂರು ಜನ ಭಕ್ತಿಯಿಂದ ಕೈಮುಗಿದು ಆ ನಿಮಿಷಗಳನ್ನು ಕಳೆಯುತ್ತಿದ್ದರು. ಯಾರ ಮುಖದಲ್ಲೂ ಕೇಡಿರಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ. ಆ ಹೆಂಗಸರ ಗುಂಪಿನಿಂದ ಒಂದು ಚೀತ್ಕಾರ ಬಂತು, ಅದು ಯಾರದೆಂದು ತಿರುಗಿ ನೋಡಬೇಕಾಗಿರಲಿಲ್ಲ. ನಾನು ಇಮಾಮ್ ಸಾಬರತ್ತ ನೋಡಿ ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ.

ಅವರು ಊದಿನ ಬಟ್ಟಲು ಕೆಳಗಿಟ್ಟರು. ಹುಸೇನಪ್ಪನ ಹತ್ತಿರ ಬಂದರು, ಮೊಣಕಾಲೂರಿ ಕೂತರು, ಎಲ್ಲರೂ ನೋಡುತ್ತಿದ್ದಂತೆ ಅವನ ಹೆಗಲು ಮುಟ್ಟಿ ಅಂಗಾತ ಮಲಗಿಸಿದರು. ತುಟಿ ನೀಲಿಗಟ್ಟಿತ್ತು. ಐವತ್ತು ವರ್ಷ ಸವಾರಿಯ ಹೇಳಿಕೆ ಕೇಳಿ ಜನರಿಗೆ ತಿಳಿಸಿದ ಆ ಹಿರಿಯರು ಎದ್ದು ನಿಂತು ಗಟ್ಟಿಯಾಗಿ ಹೇಳಿದರು:

"ಇದು ಸವಾರಿ ಅಲ್ಲ. ನಾ ಹೇಳ್ಲಿಕತ್ತೀನಿ, ಇದು ಸವಾರಿ ಅಲ್ಲ! ಡಾಕ್ಟರ್ ಸಾಬ್‌ಗೆ ಹಾದಿ ಬಿಡ್ರಿ!"

ಕೈಗಳು ಸಡಿಲವಾದವು. ಓಡಿಹೋಗಿ ಕೊರಳಿನಲ್ಲಿ ನಾಡಿ ಹುಡುಕಿದೆ. ಇಲ್ಲ. ಮುಷ್ಟಿ ಕಟ್ಟಿ ಎದೆಯ ಮೂಳೆಯ ಮೇಲೆ ಬಲವಾಗಿ ಗುದ್ದಿದೆ. ಆಗ ಅದನ್ನು ಕಲಿಸುತ್ತಿದ್ದರು. ಹುಚ್ಚೆದ್ದು ನಡುಗುವ ಹೃದಯ ಕೆಲವೊಮ್ಮೆ ಆ ಹೊಡೆತಕ್ಕೆ ಹಳಿಗೆ ಬರುತ್ತದೆ. ಏನೂ ಆಗಲಿಲ್ಲ. ಎದೆ ಒತ್ತಿದೆ, ಬಾಯಿಗೆ ಬಾಯಿ ಇಟ್ಟು ಉಸಿರು ಊದಿದೆ. ಗುಂಪಿನಲ್ಲಿ ಯಾರೋ ಅಳತೊಡಗಿದರು. ಮತ್ತೆ ಗುದ್ದಿದೆ. ಒತ್ತಿದೆ. ಎಷ್ಟು ಹೊತ್ತೆಂದು ನನಗೆ ಗೊತ್ತಿಲ್ಲ. ಎರಡು ನಿಮಿಷ ಎಂದು ಕಂಪೌಂಡರ್ ಆಮೇಲೆ ಹೇಳಿದ. ನನ್ನ ಬೆರಳ ಕೆಳಗೆ ಕೊರಳಿನಲ್ಲಿ ಏನೋ ಮಿಡಿಯಿತು. ನನ್ನದೇ ನಾಡಿಯೇನೋ ಎಂದುಕೊಂಡೆ. ಆಗ ಹುಸೇನಪ್ಪ ಗೊರಕೆಯಂಥ ಒಂದು ದೊಡ್ಡ ಉಸಿರು ಎಳೆದುಕೊಂಡ. ಡಿಫಿಬ್ರಿಲೇಟರ್ ಇಲ್ಲದ ಊರಿನಲ್ಲಿ ಆ ಹೃದಯ ಮರಳಿದ್ದು ಹೇಗೆಂದು ಮಾಧವನಿಗೂ ಇವತ್ತಿಗೂ ಅರ್ಥವಾಗಿಲ್ಲ. ನಾನು ಅದನ್ನು ನನ್ನ ಜಾಣತನವೆಂದು ಎಲ್ಲೂ ಹೇಳಿಕೊಂಡಿಲ್ಲ.

ಅದೇ ಜೀಪಿನಲ್ಲಿ ಸೇಡಂ ಸ್ಟೇಶನ್ನಿಗೆ, ಅಲ್ಲಿಂದ ರೈಲಿನಲ್ಲಿ ಹೈದರಾಬಾದಿಗೆ ಹೋದೆವು. ಶಾಂತಾಬಾಯಿ ದಾರಿಯುದ್ದಕ್ಕೂ ಗಂಡನ ಮೂಗಿನ ಮುಂದೆ ಬೆರಳು ಹಿಡಿದು ಉಸಿರು ನೋಡುತ್ತಿದ್ದಳು. ನಾಲ್ಕು ದಿನದ ನಂತರ ಮಾಧವನ ವಿಭಾಗದಲ್ಲಿ ಆಂಜಿಯೋಗ್ರಾಂ ಆಯಿತು. ತೊಡೆಯ ಸಂದಿಯ ರಕ್ತನಾಳದಿಂದ ತೆಳುವಾದ ನಳಿಕೆ ಹೃದಯದವರೆಗೆ ಹಾಯಿಸಿ, ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಟ್ಟು ಫಿಲಂ ತೆಗೆಯುವ ಪರೀಕ್ಷೆ. ಕತ್ತಲ ಕೋಣೆಯಲ್ಲಿ ಮಾಧವ ಆ ಫಿಲಂ ತೋರಿಸಿ ವಿವರಿಸಿದ.

ಹೃದಯದಿಂದ ದೇಹಕ್ಕೆಲ್ಲ ರಕ್ತ ಒಯ್ಯುವ ದೊಡ್ಡ ನಾಳ ಅಯೋರ್ಟಾ. ಅದರ ಬುಡದಲ್ಲೇ ಎರಡು ಸಣ್ಣ ಕೊರೊನರಿ ನಾಳಗಳು ಹುಟ್ಟಿ ಹೃದಯದ ಸ್ನಾಯುವಿಗೇ ರಕ್ತ ಉಣಿಸುತ್ತವೆ. ಎಡದ್ದು ಎಡದಿಂದ, ಬಲದ್ದು ಬಲದಿಂದ ಹೊರಡಬೇಕು. ಹುಸೇನಪ್ಪನಲ್ಲಿ ಎರಡೂ ಬಲದಿಂದಲೇ ಹೊರಟಿದ್ದವು. ಎಡದ ನಾಳ ತನ್ನ ಕಡೆಗೆ ಹೋಗಲು ಅಯೋರ್ಟಾ ಮತ್ತು ಶ್ವಾಸಕೋಶಕ್ಕೆ ಹೋಗುವ ದೊಡ್ಡ ನಾಳ, ಇವೆರಡರ ನಡುವಿನ ಇಕ್ಕಟ್ಟಿನಲ್ಲಿ ನುಸುಳಿತ್ತು. ಕುಳಿತಾಗ ತೊಂದರೆಯಿಲ್ಲ. ಓಡಿದಾಗ ಎರಡೂ ದೊಡ್ಡ ನಾಳಗಳು ಉಬ್ಬುತ್ತವೆ, ನಡುವಿನದು ಹಿಸುಕಿಹೋಗುತ್ತದೆ. ಹೃದಯಕ್ಕೆ ಅತಿ ಹೆಚ್ಚು ರಕ್ತ ಬೇಕಾದ ಆ ಗಳಿಗೆಯಲ್ಲೇ ದಾರಿ ಮುಚ್ಚುತ್ತದೆ.

"ಇಂಥಾ ತಪ್ಪುದಾರಿ ನಾಳ ಇದ್ದವರು ಭಾಳ ಮಂದಿ ಇರ್ತಾರ. ಹೆಚ್ಚಿನವರಿಗೆ ಏನೂ ಆಗೂದಿಲ್ಲ, ಮುದುಕರಾಗಿ ಸಾಯ್ತಾರ" ಎಂದ ಮಾಧವ. "ಎಲ್ಲಿಂದ ಹೊಂಟದ ಅನ್ನೂದಕ್ಕಿಂತ ಯಾವ ಹಾದೀಲೆ ಹೋಗೇದ ಅನ್ನೂದು ಮುಖ್ಯ. ಇವಂದು ಕೆಟ್ಟ ಹಾದಿ. ಎರಡು ವರ್ಷ ಹೆಂಗ ಬದುಕ್ಯಾನೋ ಆ ದೇವರಿಗೇ ಗೊತ್ತು."

1981ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಹುಸೇನಪ್ಪನಿಗೆ ಬೈಪಾಸ್ ಶಸ್ತ್ರಚಿಕಿತ್ಸೆ ಆಯಿತು. ಕಾಲಿನ ರಕ್ತನಾಳದ ತುಂಡಿನಿಂದ ಹೃದಯಕ್ಕೆ ಬೇರೊಂದು ದಾರಿ ಮಾಡಿದರು. ಬದುಕಿದ. ಮಗಳು ಹುಟ್ಟಿದಳು. ಇಮಾಮ್ ಸಾಬರ ಮಾತಿನಂತೆ ಪೀರ್ ಆಮೇಲೆಯೂ ನಡೆದೇ ಹೋಯಿ­ತು, ಹೊತ್ತವನು ಹುಸೇನಪ್ಪನೇ. ಹಳೆಯ ಹೇಳಿಕೆಗಳ ಬಗ್ಗೆ ಯಾರೋ ಕೇಳಿದಾಗ ಇಮಾಮ್ ಸಾಬರು, "ಬಾವ್ಯಾಗ ನೀರು ಬಂದಾವಲ್ಲ, ಕುಡೀರಿ" ಎಂದರಂತೆ.

ಇಲ್ಲಿಗೆ ಮುಗಿಸಿದ್ದರೆ ನನ್ನ ಹೆಸರಿಗೆ ಚೆಂದವಾಗಿರುತ್ತಿತ್ತು. ಮುಂಬಯಿಯಿಂದ ಕ್ಷೇಮದ ಕಾಗದ ಬಂದ ದಿನ ನಾನು ಹೊರರೋಗಿ ರಿಜಿಸ್ಟರುಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡೆ. ಒಂದೂಮುಕ್ಕಾಲು ವರ್ಷದಲ್ಲಿ, ಮೂವತ್ತರೊಳಗಿನ ಎಷ್ಟು ಜನರ ಹೆಸರಿನ ಮುಂದೆ ನಾನು ಅದೇ 'ಫಂಕ್ಷನಲ್' ಪದ ಬರೆದಿದ್ದೇನೆಂದು ಹುಡುಕಿದೆ. ಹುಸೇನಪ್ಪನನ್ನು ಬಿಟ್ಟು ಹದಿನಾಲ್ಕು ಹೆಸರು ಸಿಕ್ಕವು. ಒಬ್ಬೊಬ್ಬರನ್ನೇ ಕರೆಸಿ, ಕೂರಿಸಿ, ಯಾವಾಗ, ಏನು ಮಾಡುವಾಗ, ಮೊದಲು ಎಲ್ಲಿ ನೋವು ಎಂದು ಕೇಳಿದೆ. ಹನ್ನೆರಡು ಜನ ಚೆನ್ನಾಗಿದ್ದರು. ಒಬ್ಬ ಶಹಾಬಾದಿನ ಕಲ್ಲುಗಣಿಗೆ ದುಡಿಯಲು ಹೋಗಿದ್ದ. ರಜೆ ಹಾಕಿ ಅಲ್ಲಿಗೂ ಹೋದೆ. ಅವನೂ ಗಟ್ಟಿಯಾಗಿದ್ದ.

ಹದಿನಾಲ್ಕನೆಯ ಹೆಸರು ನರಸಮ್ಮ, ಹತ್ತೊಂಬತ್ತು ವರ್ಷ. ಹತ್ತು ಕಿಲೋಮೀಟರ್ ದೂರದ ಗುಡ್ಡದ ಮೇಲಿನ ಒಂದು ಸಣ್ಣ ಹಟ್ಟಿಯವಳು. ನನ್ನ ಕೈಬರಹ ಹೀಗಿತ್ತು: 'ನೀರು ಹೊತ್ತು ಏರುವಾಗ ಎದೆ ಹಿಡಿದಂತೆ, ಕಣ್ಣು ಕತ್ತಲೆ. ಹೊಸದಾಗಿ ಮದುವೆಯಾಗಿದೆ. ಫಂಕ್ಷನಲ್.' ಅವಳು ಕರೆಗೆ ಬರಲಿಲ್ಲ. ನಾನೇ ಹೋದೆ.

ಅವಳ ತಂದೆ ತಿಪ್ಪಯ್ಯ ಅಂಗಳದಲ್ಲಿ ತೊಗರಿ ಬಡಿಯುತ್ತಿದ್ದ. ನನ್ನನ್ನು ಗುರುತು ಹಿಡಿದು ಹೆಗಲ ಮೇಲಿನ ಟವೆಲ್ ಝಾಡಿಸಿ ಕಟ್ಟೆಗೆ ಹಾಸಿ, "ಕುಂದ್ರಿ ಸಾಹೇಬ್ರ" ಎಂದ. ನರಸಮ್ಮ ಎಲ್ಲಿ ಎಂದು ಕೇಳಿದೆ.

"ತೀರ್ಕೊಂಡ್ಳ್ರಿ. ನಾಕು ತಿಂಗಳಾತು. ತವರಿಗಿ ಬಂದಾಕಿ ಬಾವಿಯಿಂದ ಕೊಡ ಹೊತ್ತು ಬರೂಮುಂದ ಬಿದ್ಳು, ಏಳಲೇ ಇಲ್ಲ." ಅವನು ಕೋಲನ್ನು ಗೋಡೆಗೆ ಆನಿಸಿದ. "ಅವತ್ತು ಮುಂಜಾನಿ ನೀರಿಗಿ ಹೋಗಂಗಿಲ್ಲ ಎಪ್ಪಾ, ಎದಿ ನೋಯ್ತದ ಅಂದಿದ್ಳು. ನಾನ ಬೈದು ಕಳಿಸಿದ್ನಿ. ಡಾಕ್ಟರ್ ಸಾಬ್ರು ಏನೂ ಇಲ್ಲ ಅಂದಾರ, ನಾಟಕ ಮಾಡಬ್ಯಾಡ ಹೋಗು ಅಂದ್ನಿ."

ಅವನು ಬೈಯುತ್ತಾನೆ, ಆ ಕೋಲು ತೆಗೆದುಕೊಂಡು ಬಡಿಯುತ್ತಾನೆ ಎಂದು ಕಾದೆ. ಅವನು ಒಳಗೆ ಕೂಗಿ ನನಗೆ ಚಹಾ ಮಾಡಲು ಹೇಳಿದ. ಆಮೇಲೆ ಎದುರು ಕೂತು ಕೇಳಿದ: "ಆಕಿಗಿ ಖರೇ ಏನಾಗಿತ್ರಿ ಸಾಹೇಬ್ರ?"

ಅವಳದು ತಪ್ಪುದಾರಿಯ ನಾಳವೋ, ಕವಾಟದ ಕಾಯಿಲೆಯೋ, ಬೇರೇನೋ. ಹೂತ ದೇಹವನ್ನು ಇನ್ನು ಯಾರು ನೋಡುತ್ತಾರೆ? "ನನಗೆ ಗೊತ್ತಿಲ್ಲಪ್ಪಾ" ಎಂದೆ. "ಅವತ್ತೂ ಗೊತ್ತಿರಲಿಲ್ಲ. ಗೊತ್ತದ ಅಂತ ಬರದಿದ್ದೆ."

ಇಪ್ಪತ್ತೈದು ವರ್ಷ ಆಮೇಲೆಯೂ ನೌಕರಿ ಮಾಡಿದೆ. ಕಾರಣ ಸಿಗದ ರೋಗಿಯ ಹೆಸರಿನ ಮುಂದೆ 'ತಿಳಿದಿಲ್ಲ, ಮತ್ತೆ ಕರೆಸಬೇಕು' ಎಂದೇ ಬರೆದೆ. ಬರದಿದ್ದರೆ ಹುಡುಕಿಕೊಂಡು ಹೋದೆ. ಮೇಲಧಿಕಾರಿಗಳು ನಕ್ಕರು, ಕಿರಿಯರು ಬೇಸರಪಟ್ಟರು. ಕಾಯಿಲೆಗೆ ಹೆಸರಿಟ್ಟುಬಿಟ್ಟರೆ ವೈದ್ಯ ಮಾತ್ರವಲ್ಲ, ಮನೆಯವರೂ ರೋಗಿಯ ಮಾತು ಕೇಳುವುದನ್ನು ನಿಲ್ಲಿಸುತ್ತಾರೆ ಎಂದು ನನಗೆ ಕಲಿಸಿದವನು ತಿಪ್ಪಯ್ಯ. ಅವತ್ತು ಅವನ ಮನೆಯ ಚಹಾ ಕುಡಿದೇ ಎದ್ದೆ, ಬೇಡ ಎನ್ನುವ ಧೈರ್ಯ ನನಗಿರಲಿಲ್ಲ.